ಹದಿನೈದು ಸುತ್ತು

ನಡೆದು ಬನ್ನಿ ಅಂದೆ, ಜೂನಿನಲ್ಲಿ,
ವರ್ಗವಾಗಿ ಬಂದ ಹೊಸ ಹುಮ್ಮಸ್ಸಿಗೆ.
ದೇವರು ಕಾಲು ಕೊಟ್ಟದ್ದು
ಜೀಪಿನಲ್ಲಿ ಮಡಚಿಡುವುದಕ್ಕೋ ಅಂತಲೂ ಅಂದೆ.
ಏಳನೆಯ ತರಗತಿ ನಗಲಿಲ್ಲ.
ಹಿಂದಿನ ಬೆಂಚಿನಿಂದ ದೇಚಕ್ಕ ಎದ್ದು
ಹಾಜರಿ ಹೇಳುವಷ್ಟೇ ಸಲೀಸಾಗಿ ಹೇಳಿದಳು:
"ಆನೆ ಉಂಟು ಟೀಚರ್."

ಉಂಟು.
ಅಮ್ಮತ್ತಿಯ ತೋಟಗಳಲ್ಲಿ ನೆರಳು ಕದಲಿದರೆ
ಅದು ಮರದ್ದೋ ಅಲ್ಲವೋ
ಎಂದು ನಿಂತು ನೋಡುವವರಿಲ್ಲ.
ಹನ್ನೆರಡು ಮಕ್ಕಳನ್ನು ತುಂಬಿಕೊಂಡು ಜೀಪು ಬರುತ್ತದೆ,
ಒಬ್ಬರ ಮೊಣಕಾಲು ಇನ್ನೊಬ್ಬರ ಬ್ಯಾಗಿನೊಳಗೆ.
ಗೇಟಿನಲ್ಲಿ ಇಳಿದವರು ನೇರ ಹಂಸಾಕನ ಅಂಗಡಿಗೆ:
ಐದು ರೂಪಾಯಿಯ ಹಳದಿ ಪ್ಯಾಕೆಟ್ಟು.
ಬೆರಳ ತುದಿಯ ಕೆಂಪು ಪುಡಿ
ಗಣಿತದ ನೋಟಿನಲ್ಲೂ, ಸಮಾಜದ ನೋಟಿನಲ್ಲೂ.

ಶಮೀಲನ ತೂಕ ಬರೆದೆ, ಮುತ್ತನದೂ ಬರೆದೆ.
ಒಂದೇ ಬೆಂಚು, ಒಂದೇ ವಯಸ್ಸು.
ಒಬ್ಬನ ಅಂಗಿಯಲ್ಲಿ ಇನ್ನೊಬ್ಬ ಎರಡು ಸಲ ಹಿಡಿಸುತ್ತಾನೆ.
ತಕ್ಕಡಿಯ ಮೇಲೆ ಇಬ್ಬರೂ
ಮುಳ್ಳು ನೋಡದೆ ಗೋಡೆ ನೋಡಿದರು.
ಬೆಳಿಗ್ಗೆ ಏನು ತಿಂದಿರಿ ಅಂದೆ.
ಇಬ್ಬರದೂ ಅದೇ ಹಳದಿ.
ಅಂದಿನಿಂದ ಅಂಕಿಯನ್ನು ಗಟ್ಟಿಯಾಗಿ ಓದುವುದು ಬಿಟ್ಟೆ.

ಉಪಾಯ ನನ್ನದಲ್ಲ, ಮುತ್ತನದು.
ಮೈದಾನ ಸುತ್ತಿದರೆ ಇನ್ನೂರು ಮೀಟರು,
ಅವನ ಲೈನ್ ಮನೆಗೆ ಮೂರು ಕಿಲೋಮೀಟರು.
ಭಾಗಾಕಾರಕ್ಕೆ ಎಂದೂ ಕೈಯೆತ್ತದ ಹುಡುಗ
ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಹೇಳಿದ:
"ಹದಿನೈದು ಸುತ್ತು ಟೀಚರ್. ಇಲ್ಲಿಂದಲೇ ಮನೆಗೆ ಹೋಗುವ."

ಊಟಕ್ಕೆ ಮುಂಚಿನ ಪೀರಿಯಡ್ಡು ಈಗ ನಾವು ಮನೆಗೆ ಹೊರಡುತ್ತೇವೆ.
ಮೊದಲ ಸುತ್ತಿನಲ್ಲೇ ಹಂಸಾಕನ ಅಂಗಡಿ,
ಜೇಬಿನಲ್ಲಿ ಚಿಲ್ಲರೆ ಇದ್ದವರಿಗೆ ಅದೇ ದೊಡ್ಡ ಏರು.
ನಾಲ್ಕರಲ್ಲಿ ತೋಡು, ಅಂದರೆ ನಲ್ಲಿ. ನೀರು ಕುಡಿಯಬೇಕು.
ಏಳರಲ್ಲಿ ರಸ್ತೆಗೆ ಬಿದ್ದ ಸಿಲ್ವರ್ ಓಕು:
ಇಲ್ಲದ ಮರವನ್ನು ಎಲ್ಲರೂ ಹಾರುತ್ತಾರೆ,
ಶಮೀಲ್ ಮಾತ್ರ ಬಗ್ಗಿ ಕೆಳಗಿನಿಂದ ತೂರುತ್ತಾನೆ.
ಒಂಬತ್ತರಲ್ಲಿ ಆನೆ.
ಯಾರಾದರೂ ಆನೆಯಾಗಬೇಕು.
ಹೆಚ್ಚಾಗಿ ನಾನೇ:
ನಲವತ್ತೊಂಬತ್ತರ ಮಂಡಿ, ಊಟಕ್ಕೆ ಮುಂಚೆ ಸಕ್ಕರೆಯ ಮಾತ್ರೆ,
ಘೀಳಿಟ್ಟು ಅಟ್ಟಿಸಿಕೊಂಡು ಹೋಗುತ್ತೇನೆ,
ಕೊಡಿಗಂಬದ ತನಕ.

ಒಂದು ದಿನ ಸೀಟಿ ತರಲು ಹೋದ ದೇಚಕ್ಕ
ನನ್ನ ಬೀರು ತೆಗೆದಳು.
ಕ್ರೀಮ್ ಬಿಸ್ಕತ್ತಿನ ಕಟ್ಟು ನೋಡಿದಳು, ನನ್ನನ್ನು ನೋಡಿದಳು,
ಬಾಗಿಲನ್ನು ಮೆತ್ತಗೆ ಮುಚ್ಚಿದಳು.
ಮರುದಿನ ಮೇಜಿನ ಮೇಲೆ ಎರಡು ಕಿತ್ತಳೆ,
ತೊಟ್ಟಿನಲ್ಲಿ ಎಲೆ ಸಮೇತ.
ಚೀಟಿ ಇಲ್ಲ, ಮಾತಿಲ್ಲ.
ಇಷ್ಟು ವರ್ಷದ ನೌಕರಿಯಲ್ಲಿ
ನನಗೆ ಸಿಕ್ಕ ಒಂದೇ ಮೆಮೊ.

ಹನ್ನೆರಡನೆಯ ಸುತ್ತಿಗೆ ಹಸಿವು ಬರುತ್ತದೆ.
ಪ್ಯಾಕೆಟ್ಟು ಕಂಡರೆ ಏಳುವ ಆಸೆಯಲ್ಲ,
ಹೊಟ್ಟೆಯ ಅಡಿಯಿಂದ ಏರುವ, ಹೆಸರು ಹಿಡಿದು ಕರೆಯುವ ಹಸಿವು.
ಆಗ ಜಾನಕ್ಕನ ಸಾಂಬಾರಿನ ಬಸಳೆದಂಟು
ತಟ್ಟೆಯ ಅಂಚಿಗೆ ಹೋಗುವುದಿಲ್ಲ.
ದೇಚಕ್ಕನ ಡಬ್ಬಿಯ ಕಡಂಬುಟ್ಟಿಗೆ ನಾಲ್ಕು ಕೈ.
ಇಷ್ಟು ದಿನ ಮುಚ್ಚಳ ಅರ್ಧವೇ ತೆರೆದು
ಗೋಡೆಗೆ ತಿರುಗಿ ತಿನ್ನುತ್ತಿದ್ದ ಮುತ್ತ
ಒಂದು ಮಧ್ಯಾಹ್ನ ಏಡಿಯ ಗಸಿ ಪೂರ್ತಿ ತೆರೆದಿಟ್ಟ.
ಶಮೀಲ್ ಒಂದು ಕಾಲು ಮುರಿದು ಚೀಪಿ,
ಕಣ್ಣು ಮುಚ್ಚಿ ಕೇಳಿದ: "ನಿಮ್ಮ ಗದ್ದೆಯಲ್ಲಿ ಇದು ಪುಕ್ಕಟೆಯಾ?"
"ಹಿಡಿಯಬೇಕು," ಅಂದ ಮುತ್ತ, "ಓಡಬೇಕು."

ಏನೂ ಗೆದ್ದಿಲ್ಲ ನಾವು.
ಹಳದಿ ಮಾಲೆ ಅಂಗಡಿಯಲ್ಲಿ ಇನ್ನೂ ತೂಗುತ್ತದೆ,
ಹಂಸಾಕ ಪಕ್ಕದಲ್ಲೊಂದು ಬುಟ್ಟಿ ಪೇರಳೆ ಇಟ್ಟಿದ್ದಾರೆ,
ಕೆಲವು ದಿನ ಖಾಲಿ, ಕೆಲವು ದಿನ ಹಾಗೇ ಕೊಳೆಯುತ್ತದೆ.
ಶಮೀಲ್ ಇನ್ನೂ ಹನ್ನೊಂದು ದಾಟಿಲ್ಲ.
ಏದುಸಿರು ಬಿಡುತ್ತ ಬೇಲಿಯ ಬಳಿ ಕೂತು ಹೇಳುತ್ತಾನೆ,
"ಇವತ್ತು ಮಾಮನ ಮನೆಯಲ್ಲಿ ಇಳಿದೆ ಟೀಚರ್,
ನಾಳೆ ಮುಂದಕ್ಕೆ."

ನಾಲ್ಕೂವರೆಗೆ ಜೀಪು ಹಾರನ್ ಹಾಕುತ್ತದೆ.
ಆಗಲೇ ಒಮ್ಮೆ ಮನೆ ಮುಟ್ಟಿ ಬಂದವರು
ಮೊಣಕಾಲು ಮಡಚಿ ಹತ್ತುತ್ತಾರೆ.