ಷರಾ

ಅಂಗಶುದ್ಧಿ, ಹತ್ತಕ್ಕೆ ಎಂಟು. ಹಸ್ತ, ಎಂಟೂವರೆ;
ಕಣ್ಣು ಕೈಯ ಬೆನ್ನು ಬಿಟ್ಟಿರಲಿಲ್ಲ.
ತಾಳದ ಮನೆಗೆ ಬಂದಾಗ ಪೆನ್ನು ನಿಂತಿತು.
ಎಲ್ಲೋ ಒಂದೆಳೆ ಕಡಿಮೆ, ಎಲ್ಲೆಂದು ಕಾಣದು.
ಷರಾ ಎಂದಿರುವಲ್ಲಿ ಒಂದೂವರೆ ಇಂಚು ಖಾಲಿ.

ನನ್ನ ಗುರುಗಳಿಗೆ ಇದ್ದದ್ದು ಒಂದೇ ಷರಾ: ‘ಪರವಾಗಿಲ್ಲ.’
ಹೊಗಳಿದರೋ, ಇನ್ನೊಮ್ಮೆ ಮಾಡು ಅಂದರೋ
ಮಾಟುಂಗದಿಂದ ಮುಲುಂಡಿನವರೆಗೆ ರೈಲಿನಲ್ಲಿ ನಿಂತು
ಆರು ವರ್ಷ ಯೋಚಿಸಿದ್ದೇನೆ.
ಅದಕ್ಕೇ ನಾನು ಉದ್ದಕ್ಕೆ ಬರೆಯುತ್ತೇನೆ,
ಜಾಗ ಸಾಲದೆ ಅಂಚಿನಲ್ಲೂ.
ವೃಷಾಲಿ ಘಾಗ್‌ಳ ಹಾಳೆಗೆ ಮಾತ್ರ ಏನೂ ಹೊಳೆಯಲಿಲ್ಲ.

ಹೊಳೆಯಿಸಿದವರು ಕೆಳಮನೆಯ ಸಿಧಯೆ,
ಮೂವತ್ತು ವರ್ಷ ಲೋಕಲ್ ಓಡಿಸಿ ನಿವೃತ್ತರಾದವರು.
ನನ್ನ ಮಕ್ಕಳ ಕುಣಿತ ಒಂದು ದಿನವೂ ನೋಡಿದವರಲ್ಲ,
ಹನ್ನೊಂದು ವರ್ಷದಿಂದ
ತಲೆಯ ಮೇಲೆ ಕೇಳಿಸಿಕೊಂಡಿದ್ದಾರೆ ಅಷ್ಟೆ.
ಮೆಟ್ಟಿಲಲ್ಲಿ ಹಾಲಿನ ಚೀಲ ಕೈ ಬದಲಿಸಿ ಅಂದರು:
‘ಆ ಹೊಸ ಹುಡುಗಿ. ಡಾವಾ ಪಾಯ್ ಉಶಿರಾ ಯೇತೋ.’

ಎಡಗಾಲು ತಡ!
ಮಾರನೆಯ ದಿನ ಗೋಡೆಗೆ ಮುಖ ಮಾಡಿ ಕೂತು
ಕೋಲು ತಟ್ಟಿದೆ, ಕಣ್ಣು ಮುಚ್ಚಿ. ತೈಯಾ ತೈ.
ಬಲಗಾಲು ಬಿತ್ತು, ಕಲ್ಲಿನಂತೆ.
ಎಡಗಾಲು ಅರ್ಧ ಉಸಿರು ಬಿಟ್ಟು,
ಚಪ್ಪಲಿ ಕೈಯಲ್ಲಿ ಹಿಡಿದು ಒಳಬರುವವರ ಹಾಗೆ.

ಕೇಳಿದೆ. ಹೆಬ್ಬೆರಳ ಉಗುರು ನೋಡುತ್ತ ಹೇಳಿದಳು.
ಭಾಂಡುಪ್ ಗುಡ್ಡದ ಒಂದೇ ಕೋಣೆ,
ಶಾಲೆ ಬಿಟ್ಟ ಮೇಲೆ ಅಭ್ಯಾಸ, ಮೋರಿಗೂ ಕಪಾಟಿಗೂ ನಡುವೆ.
ಎಡಗಡೆ ನೆಲದಲ್ಲಿ ಅಪ್ಪ ಮಲಗಿರುತ್ತಾನೆ, ರಾತ್ರಿಪಾಳಿಯವನು.
‘ಅವನ ಕಿವಿಯ ಹತ್ತಿರ ಬೀಳುವ ಕಾಲು, ಟೀಚರ್.’

ತಾಳಕ್ಕೆ ಆರೇ ಕೊಟ್ಟೆ.
ಏಳು ಮಾಡಬಹುದಿತ್ತು; ತಿದ್ದಲು ಹೋದ ಕೈ ಹಿಂದೆ ಬಂತು.
ತಡವಾದದ್ದು ತಡವೇ, ಅವಳಿಗೂ ಗೊತ್ತು.
ಷರಾದಲ್ಲಿ ಬರೆದೆ:
ಈ ಎಡಗಾಲಿಗೆ ಯಾರೂ ಮಲಗಿರದ ನೆಲ ಬೇಕು.
ಶನಿವಾರ ಮೂರಕ್ಕೇ ಬಾ.

ಬಂದಳು. ಮೊದಲ ವಾರ ಅದೇ ಬೆಕ್ಕಿನ ಹೆಜ್ಜೆ.
ಎರಡನೆಯ ವಾರ ನಾನೇ ಅವಳ ಎಡಗಡೆ ನಿಂತು ತುಳಿದೆ,
ಮೊಣಕಾಲಿಗೆ ಆಮೇಲೆ ಎಣ್ಣೆ.
ಮೂರನೆಯ ಶನಿವಾರ, ನಾಲ್ಕೂವರೆ ಆಗಿತ್ತು,
ಬಾಗಿಲ ಗಂಟೆ.
ಸಿಧಯೆ. ಮಾತಿಲ್ಲ.
ಕಪ್ಪನ್ನು ನನ್ನ ಮೂಗಿನ ಹತ್ತಿರ ಹಿಡಿದರು:
ಚಹಾದ ಮೇಲೆ ತೇಲುತ್ತಿತ್ತು
ಅವರ ಸೂರಿನಿಂದ ಉದುರಿದ ಸುಣ್ಣ, ಉಗುರಿನಷ್ಟು.

ವೃಷಾಲಿಯನ್ನು ಕರೆದು ತೋರಿಸಿದೆ.