ಮೇಜಿ ಇಪ್ಪತ್ತೆಂಟು, ಸ್ಕಾಟ್ಸ್‌ವುಡ್ ರಸ್ತೆ

ಬಾಡಿಗೆ ಪುಸ್ತಕಕ್ಕೆ ರುಜು ಹಾಕುವಾಗ
ಇಸವಿಯ ಜಾಗದಲ್ಲಿ ಅವನು ಬರೆದದ್ದು ಇಪ್ಪತ್ತೆಂಟು.
'ಸ್ವಾಮಿ, ಇದು ತೊಂಬತ್ತೈದು' ಅಂದೆ.
ಕಿವಿ ಕೆಂಪಾಯಿತು. ಒಂದೇ ಗೆರೆಯಲ್ಲಿ ಹೊಡೆದುಹಾಕಿದ.
'ನಮ್ಮಲ್ಲಿ ದೊರೆಯ ಕಾಲ ಮೊದಲಾದಲ್ಲಿಂದ ಎಣಿಕೆ. ಮೇಜಿ.
ಬೆಳಕಿನ ಆಳ್ವಿಕೆ ಅಂತ ಅರ್ಥ.'
ಈ ಮನೆಯಲ್ಲಿ ಬೆಳಕು ಬೇಕೆಂದರೆ
ಮೀಟರಿನ ಬಾಯಿಗೆ ಪೆನ್ನಿ ಹಾಕಬೇಕು, ಅಂದೆ ನಾನು.
ಅವನು ನಕ್ಕದ್ದು ಮೂರು ದಿನ ಕಳೆದ ಮೇಲೆ,
ಓಟ್ಸ್ ಗಂಜಿ ಕುಡಿಯುತ್ತ, ಒಬ್ಬನೇ.

ಕುಸಾಕಾ ತೋಕುಜಿ. ಬೀದಿ ಹುಡುಗರ ಬಾಯಲ್ಲಿ ಕೊಸಾಕ್.
ಅದು ರಷ್ಯಾದ ಕುದುರೆಯವನು ಕಣ್ರೋ
ಎಂದರೆ ಕೇಳುವವರು ಯಾರು.

ಕಾರ್ಖಾನೆಯಲ್ಲಿ ಅವನ ಕೆಲಸ ತಟ್ಟುವುದು.
ಸಂತೆಯಲ್ಲಿ ಮಡಕೆ ಆರಿಸುವವಳ ಹಾಗೆ
ಉಕ್ಕಿನ ಹಲಗೆಗೆ ಬೆರಳ ಗೆಣ್ಣು ತಾಗಿಸಿ, ಕಿವಿಗೊಟ್ಟು.
ನನ್ನ ಕತ್‌ಬರ್ಟ್ ಅಲ್ಲೇ ಕಾದ ರಿವೆಟ್ಟು ಹಿಡಿಯುತ್ತಾನೆ,
ಹದಿಮೂರು ತುಂಬಿಲ್ಲ, ತೋಳೆಲ್ಲ ಸುಟ್ಟ ಚುಕ್ಕೆ.
'ಅವ್ವಾ, ಇವತ್ತು ನಾಲ್ಕು ಹಲಗೆ ಬೇಡ ಅಂದ.
ಫೋರ್‌ಮನ್ನನ ಮುಖ ನೋಡಬೇಕಿತ್ತು ನೀನು.'

ನನ್ನ ಮೊಂಡು ಚೂರಿಯನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.
ಪೆಟ್ಟಿಗೆಯ ತಳದಿಂದ ಸಾಣೆಕಲ್ಲು ತೆಗೆದ,
ನೀರು ಚಿಮುಕಿಸಿದ, ನೆಲದ ಮೇಲೆ ಮಂಡಿಯೂರಿದ.
ಆ ಸದ್ದಿಗೆ ಮಾತು ಬಂತು.
ಅಪ್ಪ ಕತ್ತಿ ಮಾಡುವವನು.
ಮೇಜಿ ಒಂಬತ್ತರಲ್ಲಿ ಅಪ್ಪಣೆಯಾಯಿತಂತೆ,
ಸೊಂಟಕ್ಕೆ ಕತ್ತಿ ಸಿಕ್ಕಿಸಿ ಬೀದಿಗಿಳಿಯಬಾರದು.
ಅಪ್ಪ ಕುಲುಮೆ ಆರಿಸಲಿಲ್ಲ,
ಅದೇ ಬೆಂಕಿಯಲ್ಲಿ ದರ್ಜಿಗಳಿಗೆ ಕತ್ತರಿ ಬಡಿದ.
ಕತ್ತರಿ ಚೆನ್ನಾಗಿದೆ ಎಂದು ಯಾರಾದರೂ ಅಂದರೆ
ಎದ್ದು ಒಳಗೆ ಹೋಗಿಬಿಡುತ್ತಿದ್ದ.

ಬೆರಳು ಮಡಿಸಿ ಲೆಕ್ಕ ಹಾಕಿದೆ.
ಟೈನ್ ನದಿಯ ತಿರುಗುಸೇತುವೆ ತೆರೆದದ್ದೂ ಆ ವರ್ಷವೇ,
ದೊಡ್ಡ ಹಡಗುಗಳು ನಮ್ಮ ಬೀದಿಯ ಬುಡದವರೆಗೆ ಬರಲೆಂದು.
ತೋರಿಸಲು ನನ್ನನ್ನು ಕರೆದೊಯ್ದವನು
ಇನ್ನೂ ನನ್ನ ಗಂಡನಾಗಿರಲಿಲ್ಲ.

ಏಪ್ರಿಲ್. ಚೀನಾ ಸೋತ ಸುದ್ದಿಗೆ
ಕಾರ್ಖಾನೆ ಅವನ ಬೆನ್ನು ತಟ್ಟಿತು, ಬಿಯರು ಕುಡಿಸಿತು.
ಮನೆಗೆ ಬಂದವನು ತಟ್ಟೆ ಮುಟ್ಟಲಿಲ್ಲ.
'ಇಲ್ಲಿ ಚೀನೀಯರು ಮಲಗಿದ್ದಾರಂತೆ, ಎಲ್ಲಿ?'
ಶಾಲು ಹೊದ್ದು ಗುಡ್ಡ ಹತ್ತಿಸಿದೆ.
ಸೇಂಟ್ ಜಾನ್ ಸ್ಮಶಾನ, ಒಂದು ಮೂಲೆ, ಐದು ಕಲ್ಲು.
ಹಡಗು ಒಯ್ಯಲು ಬಂದು, ಕೆಮ್ಮಿ ಕೆಮ್ಮಿ,
ಹಡಗನ್ನು ಮಾತ್ರ ಕಳಿಸಿಕೊಟ್ಟವರು.
ಇಷ್ಟು ವರ್ಷ ನನ್ನ ಕಣ್ಣಿಗೆ ಅದು ಬರೀ ಗೀಚು.
ಅವನು ಓದಿದ.
'ನಾಲಿಗೆ ಬೇರೆ, ಅಕ್ಷರ ಒಂದೇ' ಅಂದ.
ಆಮೇಲೆ, ಬಹಳ ಹೊತ್ತಿನ ಮೇಲೆ,
'ಇವರ ಹಡಗುಗಳ ಮೇಲೆ ನಮ್ಮವು ಗುಂಡು ಹಾರಿಸಿದವು.
ಎರಡು ಕಡೆಗೂ ಇಲ್ಲಿಯ ಹಡಗುಗಳಿದ್ದವು.'
ನನ್ನ ಗಂಡ ಎರಡಕ್ಕೂ ಬಡಿದಿದ್ದಾನೆ, ಅಂದೆ.
ಹೆಮ್ಮೆಯೋ ತಪ್ಪೊಪ್ಪಿಗೆಯೋ, ನನಗೇ ತಿಳಿಯಲಿಲ್ಲ.
ಅಷ್ಟರಲ್ಲಿ ಗಾಳಿ ಅವನ ಟೋಪಿ ಹಾರಿಸಿತು.
ಸತ್ತವರ ನಡುವೆ ನಾವಿಬ್ಬರೂ ಅದರ ಹಿಂದೆ ಓಡಿದೆವು.

ಹಡಗು ಹೊರಟ ದಿನ ಸೇತುವೆ ಪಕ್ಕಕ್ಕೆ ಸರಿದು ನಿಂತಿತು,
ಹಿರಿಯರು ಬಂದರೆ ಬಾಗಿಲು ಬಿಡುವ ಸೊಸೆಯ ಹಾಗೆ.
ಊರಿಗೆ ಊರೇ ದಡದಲ್ಲಿ. ನನ್ನ ಕೈಯಲ್ಲಿ ಕೋಸುಗಡ್ಡೆ.
ಕತ್‌ಬರ್ಟ್ ಕೂಗಿದ್ದೇ ಕೂಗಿದ್ದು,
'ಅಗೋ ನನ್ನ ರಿವೆಟ್ಟು! ಅಗೋ!'
ಬೂದುಬಣ್ಣದ ಆ ಗೋಡೆಯಲ್ಲಿ ಯಾವುದು ಅವನದು,
ಯಾರು ಆ ಟೋಪಿಯವನು,
ನನಗೇನೂ ಕಾಣಲಿಲ್ಲ.

ಸಾಣೆಕಲ್ಲು ಬಿಟ್ಟುಹೋಗಿದ್ದಾನೆ.
ನಡುವೆ ದೋಣಿಯಂತೆ ತಗ್ಗು.
ಅದರಲ್ಲಿ ಕತ್ತಿಗಳು ತಿಂದದ್ದೆಷ್ಟು, ಕತ್ತರಿಗಳು ತಿಂದದ್ದೆಷ್ಟು,
ಬೇರ್ಪಡಿಸಲು ಬಾರದು.
ಶನಿವಾರ ನೀರು ಚಿಮುಕಿಸಿ
ಈರುಳ್ಳಿಯ ಚೂರಿ ಇಡುತ್ತೇನೆ.
ತಗ್ಗು ತಾನಾಗಿ ಎಳೆದುಕೊಳ್ಳುತ್ತದೆ.