ಮಂಗಳವಾರ, ಮೊದಲ ಪಿರಿಯಡ್

ಜುಲೈ. ಪರೀಕ್ಷೆ ಬರೆದವರು ಹೊರಟುಹೋಗಿದ್ದಾರೆ.
ವರ್ಕಿಂಗ್ಟನ್ನಿನ ಈ ಶಾಲೆಯ ಮೇಲಂತಸ್ತಿನಲ್ಲಿ,
ಹಿಂದೆ ನಕಾಶೆಗಳನ್ನು ಸುತ್ತಿಡುತ್ತಿದ್ದ ಕೋಣೆಯಲ್ಲಿ
ಬರುವ ವರುಷವನ್ನು ಮೇಜಿನ ಮೇಲೆ ಹರವಿಕೊಂಡಿದ್ದೇನೆ.

ಎರಡು ವಾರ, ದಿನಕ್ಕೈದು ಪಿರಿಯಡ್, ಐವತ್ತು ಮನೆ.
ಮೂರು ಪ್ರಯೋಗಶಾಲೆ, ಅದರಲ್ಲೊಂದರ ಗ್ಯಾಸ್ ನಲ್ಲಿ
ಈಸ್ಟರಿನಿಂದ ಕೆಟ್ಟು ಕೂತಿದೆ.
ಕಂಪ್ಯೂಟರು ಮಾಡುತ್ತದಲ್ಲ, ಎನ್ನುತ್ತಾರೆ ಜನ.
ಮಾಡುತ್ತದೆ. ನೂರಕ್ಕೆ ತೊಂಬತ್ತಾರು ಪಾಲು ಮಾಡಿ
ಉಳಿದ ನಾಲ್ಕನ್ನು ಕೆಂಪಗೆ ನನ್ನ ಮುಂದೆ ಬಿಟ್ಟು ಏಳುತ್ತದೆ,
ಉಂಡೆದ್ದ ಬೀಗರ ಹಾಗೆ.

ನನಗಿಂತ ಮೊದಲು ಇದು ರಾನ್ ಮೆಸೆಂಜರನ ಕೆಲಸ.
ಗೋಡೆಗೆ ಹಲಗೆ, ಹಲಗೆ ತುಂಬ ತೂತು, ಬಣ್ಣಬಣ್ಣದ ಗೂಟ.
ನಿವೃತ್ತನಾದ ದಿನ ಗೂಟದ ಡಬ್ಬಿ ನನ್ನ ಕೈಗಿಟ್ಟು ಹೇಳಿದ:
"ಕಷ್ಟದ್ದನ್ನು ಮೊದಲು ಕೂರಿಸು.
ಸುಲಭದ್ದು ನೀರಿನ ಹಾಗೆ, ಸಂದಿ ಹುಡುಕಿಕೊಳ್ಳುತ್ತೆ.
ಮತ್ತೆ, ಯಾರನ್ನೂ ಯಾಕೆ ಅಂತ ಕೇಳಬೇಡ."

ಕಷ್ಟದ್ದು ಬೇಕಾದಷ್ಟಿದೆ.
ಜರ್ಮನ್ ಮೇಡಂ ಬುಧವಾರ ಮೇರಿಪೋರ್ಟಿನ ಶಾಲೆಗೂ ಬೇಕು.
ಈಜುಕೊಳ ಪುರಸಭೆಯದು, ಗುರುವಾರ ಹನ್ನೊಂದರ ತನಕ ಮುದುಕಿಯರದು.
ಹತ್ತನೇ ತರಗತಿಗೆ ಬರುವವರಲ್ಲಿ ಒಬ್ಬಳೇ ಒಬ್ಬಳು, ಟಿಲ್ಲಿ ಪರ್ಡಮ್,
ಸಂಗೀತವೂ ಬೇಕು ಮರಗೆಲಸವೂ ಬೇಕು ಎಂದು ಬರೆದಿದ್ದಾಳೆ.
ಎತ್ತು ಏರಿಗೆ, ಕೋಣ ನೀರಿಗೆ.
ನನ್ನ ಸೋದರಮಾವ ಒಂಟಿ ಹಳಿಯ ಕಾಲದ ಸ್ಟೇಷನ್ ಮಾಸ್ಟರು.
ಕ್ರಾಸಿಂಗ್ ಅಂದರೆ ಇಷ್ಟೇ ಕಣೇ, ಎನ್ನುತ್ತಿದ್ದರು,
ಯಾರೋ ಒಬ್ಬರು ನಿಲ್ಲಬೇಕು,
ಯಾಕೆ ನಿಂತೆವೆಂದು ಅವರಿಗೆ ಗೊತ್ತಾಗುವುದಿಲ್ಲ.

ಭೂಗೋಳದ ಸ್ಟುವರ್ಟ್ ಫೀರನ್ ಮೇ ತಿಂಗಳಲ್ಲೇ ಚೀಟಿ ಕೊಟ್ಟಿದ್ದ.
ಪೆನ್ಸಿಲಿನಲ್ಲಿ ಒಂದೇ ಸಾಲು:
ಮಂಗಳವಾರ ಮೊದಲ ಪಿರಿಯಡ್ ಬೇಡ, ಸಾಧ್ಯವಾದರೆ.
ಹದಿನೆಂಟು ವರ್ಷದಲ್ಲಿ ಅವನ ಮೊದಲ 'ಬೇಡ'.
ಅದಕ್ಕಾಗಿ ಹನ್ನೊಂದು ಗೂಟ ಕಿತ್ತೆ.
ಏಳನೇ ತರಗತಿಯ ಚರಿತ್ರೆ ಊಟದಾಚೆಗೆ ಜಾರಿತು.
ನನ್ನ ರಸಾಯನಶಾಸ್ತ್ರ ಶುಕ್ರವಾರದ ಕೊನೆಗೆ ಬಿತ್ತು,
ಮಕ್ಕಳ ಕಣ್ಣೆಲ್ಲ ಬಸ್ಸಿನ ಮೇಲಿರುವ ಹೊತ್ತು.
ಟಿಲ್ಲಿಯ ಮರಗೆಲಸ ಹೋಯಿತು.
ಕಾವಲಿನ ಡೆರೆಕ್ ಬೀಗದ ಗೊಂಚಲು ಅಲ್ಲಾಡಿಸುತ್ತ ಎರಡು ಸಲ ಬಂದುಹೋದ.
ರಾತ್ರಿ ಹತ್ತು. ಹೊರಗೆ ಇನ್ನೂ ಬೆಳಕು. ಕೆಂಪು ಪೂರ್ತಿ ಅಳಿದಿತ್ತು.

ಸೆಪ್ಟೆಂಬರ್, ಮಕ್ಕಳಿನ್ನೂ ಬರದ ಮೊದಲ ದಿನ.
ಸ್ಟುವರ್ಟ್ ಬಂದ, ಕೈಯಲ್ಲಿ ಬಿಸ್ಕೆಟ್ ಡಬ್ಬಿ.
"ಆ ಮಂಗಳವಾರ... ಈಗ ಪರವಾಗಿಲ್ಲ.
ಅಮ್ಮನನ್ನು ಡಯಾಲಿಸಿಸ್‌ಗೆ ಬಿಟ್ಟುಬರಬೇಕಿತ್ತು. ಆಗಸ್ಟಿನಲ್ಲಿ ಹೋದಳು.
ಬೇರೆ ಯಾರಿಗಾದರೂ ಕೊಡು ಆ ಹೊತ್ತನ್ನು."

ಕೊಡಲು ಬರುವುದಿಲ್ಲ, ಸ್ಟುವರ್ಟ್.
ಎಂಟುನೂರು ಮಕ್ಕಳ ಡೈರಿಯಲ್ಲಿ ಅಚ್ಚಾಗಿದೆ.
ಒಂದು ಗೂಟ ಎಳೆದರೆ ಗೋಡೆಯೇ ಕೈಗೆ ಬರುತ್ತದೆ.
ಇದ್ಯಾವುದನ್ನೂ ಹೇಳಲಿಲ್ಲ. ಬಿಸ್ಕೆಟ್ ತೆಗೆದುಕೊಂಡೆ.

ದಿನಾ ಬೆಳಿಗ್ಗೆ ಏಳೂವರೆಗೆ ನೆಗಡಿ ಜ್ವರದ ಫೋನು.
ಖಾಲಿ ಇದ್ದವರನ್ನು ಬದಲಿಗೆ ಕಳಿಸುವುದೂ ನನ್ನ ಪಾಲಿಗೇ.
ಮಂಗಳವಾರ ಕಂಪ್ಯೂಟರು ಮೊದಲು ತೋರಿಸುವುದು ಅವನ ಹೆಸರು.
ನಾನು ಎರಡನೆಯದನ್ನು ಒತ್ತುತ್ತೇನೆ.
ಅವನು ಹದಿನಾಲ್ಕನೇ ಕೋಣೆಯಲ್ಲಿ ದೀಪ ಹಾಕದೆ ಕೂತಿರುತ್ತಾನೆ,
ಕೆಲವೊಮ್ಮೆ ಕಾರಿನಲ್ಲೇ.
ಗಂಟೆ ಹೊಡೆದಾಗ ಮುಖ ಒರೆಸಿಕೊಂಡು
ನದಿ ದಂಡೆಯನ್ನು ಹೇಗೆ ಕೊರೆಯುತ್ತದೆಂದು
ಎಂಟನೇ ತರಗತಿಗೆ ಹೇಳಲು ಹೋಗುತ್ತಾನೆ.
ಫೆಬ್ರವರಿಯಲ್ಲೊಮ್ಮೆ ಒಂಬತ್ತು ಜನ ಬರಲಿಲ್ಲ.
ಅವನ ಹೆಸರು ಬರೆಯಲೇಬೇಕಾಯಿತು. ಹೋದ.

ಕಾರಿಡಾರಿನಲ್ಲಿ ಟಿಲ್ಲಿ ಕೇಳಿದಳು,
"ನನಗ್ಯಾಕೆ ಸಿಗಲಿಲ್ಲ, ಮಿಸ್?"
ಕ್ಲಾಷ್ ಆಯಿತು, ಎಂದೆ.
ಅವಳು ತಲೆಯಾಡಿಸಿದಳು, ಅದೊಂದು ಹವಾಮಾನವೆಂಬಂತೆ.

ಮತ್ತೆ ಮೇ. ಚೀಟಿಗಳು ಬರತೊಡಗಿವೆ.
ಸ್ಟುವರ್ಟನದು ಬಂದಿಲ್ಲ.
ಅವನ ಹಸಿರು ಗೂಟ ಆ ತೂತಿನ ಹತ್ತಿರ ಒಯ್ದು
ಮತ್ತೆ ಡಬ್ಬಿಗೆ ಹಾಕಿದ್ದೇನೆ.
ಮೊದಲು ಮರಗೆಲಸವನ್ನು ಕೂರಿಸುತ್ತೇನೆ.
ಟಿಲ್ಲಿಗೆ ಅದು ತಡವಾಯಿತು.
ಕೆಳಗೆ ಡೆರೆಕ್ ಬೀಗ ಅಲ್ಲಾಡಿಸುತ್ತಿದ್ದಾನೆ.